ಹಳ್ಳ ದಾಟುವಾಗ ಆಡಿದ ಮಾತು

ಅಂಬ ಮರಿಯಮ್, ಗೊಜ್ಜಾಮ್ ಸೀಮೆ
ಹಿದಾರ್ ತಿಂಗಳು, ಪ್ರವಾದಿಗಳ ಉಪವಾಸ ಹಿಡಿದ ವಾರ, ಬುಧವಾರ

ನನ್ನ ಬೆನ್ನ ಮೇಲೆ ಬೆಳೆದ ಪ್ರೀತಿಯ ತಮ್ಮ ಯಿಹುನೆಗೆ,

ಇಂದು ಉಪವಾಸ. ಮಧ್ಯಾಹ್ನ ಇಳಿದು ಗುಡಿಯ ಗಂಟೆ ಆಗುವ ತನಕ ತೊಟ್ಟು ನೀರೂ ಇಲ್ಲ. ಹೊಟ್ಟೆ ಖಾಲಿ ಇದ್ದಾಗಲೇ ಕೈ ಚುರುಕು ಎನ್ನುತ್ತಿದ್ದಳಲ್ಲ ನಮ್ಮವ್ವ, ಅದು ನಿಜ. ಕೋಳಿ ಕೂಗುವ ಮೊದಲೇ ಎದ್ದು ಕೊಟ್ಟಿಗೆ ಬಳಿದೆ, ಸಗಣಿ ಕಲಸಿ ಕಣ ಸಾರಿಸಿದೆ. ನಾಳೆ ತೆಫ್ ಕಾಳಿನ ಬಡಿತ ಶುರು. ಹುಳಿ ಬಂದಿದ್ದ ಹಿಟ್ಟನ್ನು ಹೆಂಚಿಗೆ ಹುಯ್ದು ಇಡೀ ವಾರಕ್ಕಾಗುವಷ್ಟು ಇಂಜೆರಾ ಬೇಯಿಸಿ ಬುಟ್ಟಿಗೆ ತುಂಬಿದೆ. ಹಾಲು ಕರೆದು ಬೆಣ್ಣೆಗೆ ಎತ್ತಿಟ್ಟೆ. ಯೇಸು ಹುಟ್ಟಿದ ಹಬ್ಬ ಬರುವ ತನಕ ಯಾರೂ ಮುಟ್ಟುವಂತಿಲ್ಲ, ಬೆಕ್ಕೊಂದಕ್ಕೆ ಮಾತ್ರ ಈ ಧರ್ಮ ತಿಳಿಯದು. ಈಗ ಕಣದ ಅಂಚಿನಲ್ಲಿ ಕುಳಿತು, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಗೆ ತುಂಬಿದ ಕಣ್ಣು ಕಾರಣ, ಅಳುವೆಂದು ತಿಳಿಯಬೇಡ.

ನಿನ್ನ ದೇಹ ಹೇಗಿದೆ? ಆ ಎಳ್ಳಿನ ಸೀಮೆಯ ಬಿಸಿಲು ಮನುಷ್ಯರನ್ನು ಹುರಿಯುತ್ತದೆ ಎಂದು ಕೇಳಿದ್ದೇನೆ. ಚಳಿಜ್ವರ ಬಂತೇ? ಸೊಳ್ಳೆಪರದೆಯನ್ನು ಹಾಸಿಕೊಂಡು ಮಲಗುವವರೂ ಇದ್ದಾರಂತೆ, ನೀನು ಆ ಪೈಕಿ ಆಗಬೇಡ, ಮೇಲೆ ಕಟ್ಟಿಕೊ. ಜೈಲಿನಲ್ಲಿ ಹತ್ತಿದ ಕೆಮ್ಮು ಬಿಟ್ಟಿತೋ ಇಲ್ಲವೋ ಬರೆ. ಬೆಳ್ಳುಳ್ಳಿಯನ್ನು ಜೇನಿನಲ್ಲಿ ನೆನೆಸಿ ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಜೇನಿಗೆ ಉಪವಾಸದ ಅಡ್ಡಿಯಿಲ್ಲ, ಆ ನೆಪ ಹೇಳಿ ಹಾಗೇ ಇಡಬೇಡ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗುತ್ತಿರಬಹುದು. ಹುತ್ತದ ಮೇಲೆ ಹತ್ತಿ ನಿಂತರೆ ಮಾತ್ರ ಸಿಗ್ನಲ್ ಸಿಗುತ್ತದೆ ಎಂದೆ, ಸರಿ. ಆದರೆ ನಾನು ಮುಖ್ಯವಾದ ಮಾತು ತೆಗೆದ ಕೂಡಲೇ ನಿನ್ನ ಕಾಲಡಿಯ ಹುತ್ತ ಕುಸಿದುಬಿಡುತ್ತದೆ, ಫೋನ್ ಕಟ್ಟಾಗುತ್ತದೆ. ಕಾಗದವನ್ನು ಹಾಗೆ ಕಟ್ಟು ಮಾಡಲಾಗದು. ಓದಲೇಬೇಕು.

ನಿನ್ನ ಭಾವ ಚೆನ್ನಾಗಿದ್ದಾರೆ. ನಿನ್ನ ಹೊಲವನ್ನೂ ಅವರೇ ಉತ್ತು ಬಿತ್ತಿದರು. ನಿನ್ನ ಎತ್ತಿಗೆ ವಯಸ್ಸಾಯಿತು, ಆದರೂ ನೇಗಿಲು ಬಿಚ್ಚಿದರೆ ನಮ್ಮ ಕೊಟ್ಟಿಗೆಗೆ ಬರುವುದಿಲ್ಲ, ನಿನ್ನ ಗುಡಿಸಿಲ ತಿರುವಿನಲ್ಲಿ ನಿಂತು ಕತ್ತು ಹೊರಳಿಸುತ್ತದೆ. ಭಾವ ಅದನ್ನು ಎಳೆದು ತರುವಾಗ ಬಯ್ಯುವುದೂ ಇಲ್ಲ. ಜೈಲಿನ ಬಾಗಿಲು ತೆರೆದ ದಿನ ನೀನು ಊರ ಕಡೆ ಮುಖ ಮಾಡದೆ ಎಳ್ಳಿನ ಹೊಲದ ಲಾರಿ ಹತ್ತಿದೆ. ಸರಿಯಾಗಿಯೇ ಮಾಡಿದೆ. ಸರ್ಕಾರ ಕೊಟ್ಟ ಶಿಕ್ಷೆ ಮುಗಿದರೂ ಅಂದಾರ್ಗೆಯ ರಕ್ತ ಇನ್ನೂ ಒಣಗಿಲ್ಲ. ಕಾಲುವೆ ಯಾರ ಕಡೆ ಒಂದು ಗುದ್ದಲಿ ಸರಿಯಬೇಕು ಎಂಬ ಜಗಳದಲ್ಲಿ ನೀನು ಬೀಸಿದ ಕೋಲು, ಅವನು ಹಿಮ್ಮುಖವಾಗಿ ಬಿದ್ದ ಕಲ್ಲು, ಆಮೇಲೆ ಕೋಲೆಸೆದು ಅವನನ್ನು ಬೆನ್ನ ಮೇಲೆ ಹೊತ್ತು ನೀನು ಹಳ್ಳ ದಾಟಿ ಆಸ್ಪತ್ರೆಗೆ ಓಡಿದ್ದು, ಹಳ್ಳದಲ್ಲೇ ಅವನ ಉಸಿರು ನಿಂತದ್ದು, ಎಲ್ಲವೂ ನಿನ್ನೆ ನಡೆದಂತೆ ಈ ಊರಿನಲ್ಲಿ ಇನ್ನೂ ಉಸಿರಾಡುತ್ತಿದೆ. ಈಗಲೂ ಅವರ ಮನೆಯವರು ದಾರಿಯಲ್ಲಿ ಎದುರಾದರೆ ನಾವು ಹೊಲಕ್ಕಿಳಿದು, ಬೆನ್ನು ತಿರುಗಿಸಿ, ಅವರು ದಾಟುವ ತನಕ ನಿಲ್ಲುತ್ತೇವೆ. ಒರತೆಯಲ್ಲೂ ಬೆಳಗಿನ ಹೊತ್ತು ಅವರದು, ಮಧ್ಯಾಹ್ನದ ಮೇಲೆ ನಮ್ಮದು. ಅಂದಾರ್ಗೆಯ ತಮ್ಮ ಮುಲಾತ್ ಈಗ ಎತ್ತರದ ಗಂಡಾಳು. ಹೆಗಲಿನಿಂದ ಕೋವಿ ಇಳಿಸುವುದಿಲ್ಲ. ರಾಜಿಯಾಗದೆ ನೀನು ಈ ಊರಿಗೆ ಕಾಲಿಟ್ಟರೆ ಏನಾಗುತ್ತದೆ ಎಂದು ನನಗೂ ಗೊತ್ತು, ನಿನಗೂ ಗೊತ್ತು.

ನೀನು ಒಳಗಿದ್ದ ಕಾಲದಲ್ಲಿ ನಿನ್ನ ಅಕ್ಕ ರಾಜಿ ಮಾಡಿಸುವ ಹಿರಿಯರ ಸಾಲಿನಲ್ಲಿ ಕೂರುವವಳಾದಳು ಎಂದು ತಂತಿಬೇಲಿಯ ಆಚೆ ನಿಂತು ಹೇಳಿದ್ದೆ, ನೀನು ನಕ್ಕಿದ್ದೆ. ಅದರ ಕಥೆ ಪೂರ್ತಿ ಹೇಳಿರಲಿಲ್ಲ. ಗಂಡಸರ ಜೊತೆ ಹೆಂಗಸರೂ ಬಂದು ಮಧ್ಯಸ್ಥಿಕೆ ಕಲಿಯಲಿ ಎಂದು ತಾಲೂಕಿನಿಂದ ಹೇಳಿಕಳಿಸಿದ್ದರು. ನಮ್ಮ ಗುಡಿಯ ಪಾದ್ರಿ ಅಬ್ಬಾ ಮಿತಿಕು ನನ್ನ ಹೆಸರು ಬರೆಸಿದರು. ಯಾಕೆ ನಾನು ಎಂದರೆ, ಬರೆಯಲು ಬರುತ್ತದೆ, ಬಾಯಿ ಮುಚ್ಚಿಕೊಂಡಿರಲೂ ಬರುತ್ತದೆ, ಎರಡೂ ಬರುವವರು ನಮ್ಮ ಸಭೆಯಲ್ಲಿ ಇನ್ನೊಬ್ಬರಿಲ್ಲ ಎಂದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಗುಡಿಯ ಊಟದ ಚಾವಡಿಯಲ್ಲಿ ಪಾಠ. ಕಲಿಸಲು ಬಂದವಳು ಪಟ್ಟಣದ ಹುಡುಗಿ ಹಿರುತ್, ಮನಸ್ಸಿನ ಶಾಸ್ತ್ರ ಓದಿದವಳು. ನಮ್ಮ ಜೆಗೆಯೆ ಅಜ್ಜ, ಊರಿನ ಅರ್ಧ ಮದುವೆಗಳನ್ನು ಮುರಿಯದಂತೆ ಹಿಡಿದಿಟ್ಟವರು, ಮೊದಲ ದಿನವೇ ಅವಳನ್ನು ಕೇಳಿದರು, ‘ಮಗಳೇ, ನಿಂಗೆ ಮದ್ವೆ ಆಗಿದ್ಯಾ?’ ಎಂದು. ಇಲ್ಲ ಅಜ್ಜ ಎಂದಳು. ‘ಹಂಗಾದ್ರೆ ಜಗಳ ಎಲ್ಲಿ ಕಲಿತೆ?’ ಎಂದರು. ಅವಳು ಬೇಸರ ಮಾಡಿಕೊಳ್ಳದೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಗಲೇ ನನಗೆ ಅವಳ ಮೇಲೆ ನಂಬಿಕೆ ಬಂದದ್ದು.

ಅವಳು ನಮ್ಮಿಂದ ನಾಟಕ ಆಡಿಸಿದಳು. ಜೆಗೆಯೆ ಅಜ್ಜನಿಗೆ ಸಿಟ್ಟಾದ ಹೆಂಡತಿಯ ಪಾತ್ರ. ಅಜ್ಜ ಹೊದಿಕೆಯನ್ನು ತಲೆಗೆ ಸುತ್ತಿಕೊಂಡು, ಮೂತಿ ತಿರುವಿ ಎಂಥ ಹೆಂಡತಿಯಾದರೆಂದರೆ, ಪಾಠ ಮುಗಿದರೂ ಅಜ್ಜ ಮಾತ್ರ ರಾಜಿಗೆ ಒಪ್ಪಲಿಲ್ಲ. ಕೊನೆಗೆ ನಾನು ಕಾಫಿ ಕಾಸಿ ಕೊಟ್ಟ ಮೇಲೆ ಗಂಡನ ಪಾತ್ರದವನನ್ನು ಕ್ಷಮಿಸಿದರು. ಪಾಠವೂ ಇತ್ತು. ಎದುರುಬದುರು ಕೂರಬೇಡಿ, ಪಕ್ಕದಲ್ಲಿ ಸ್ವಲ್ಪ ಓರೆಯಾಗಿ ಕೂರಿ. ದುಃಖದಲ್ಲಿರುವವರಿಗಿಂತ ಎತ್ತರದಲ್ಲಿ ಕೂರಬೇಡಿ. ಬುದ್ಧಿ ಹೇಳಬೇಡಿ. ಅವರು ಆಡಿದ್ದನ್ನೇ ಮರಳಿ ಆಡಿ, ನಾನು ಕೇಳಿಸಿಕೊಂಡೆ ಎಂದು ಅವರಿಗೆ ತಿಳಿಯಲಿ. ನನಗಂತೂ ಇದು ಗಿಳಿಯ ಕೆಲಸ ಅನ್ನಿಸಿತು. ಆಮೇಲೆ ಗುಡ್ಡದಾಚೆಯ ಗಂಡಹೆಂಡಿರ ಜಗಳಕ್ಕೆ ಹೋದೆ. ಕತ್ತೆಯನ್ನು ಮಾರು, ಇಲ್ಲವೇ ನಾನು ತವರಿಗೆ ಹೋಗುತ್ತೇನೆ ಎಂದು ಹೆಂಡತಿಯ ಹಟ. ಹಿರಿಯರೆಲ್ಲ ಕತ್ತೆಯ ಗುಣದೋಷ ಮಾತಾಡಿ ಸುಸ್ತಾಗಿದ್ದರು. ಅವಳು ನಡುವೆ ಒಂದು ಮಾತು ಗೊಣಗಿದಳು, ಸಂತೆಯಿಂದ ಬಂದರೆ ಮೊದಲು ಕತ್ತೆಯನ್ನು ಮಾತಾಡಿಸುತ್ತಾನೆ ಎಂದು. ‘ಅಂದ್ರೆ ನಿನ್ನ ಯಾರೂ ಮಾತಾಡಿಸಲ್ಲ ಅಂತೀಯ’ ಎಂದೆ ನಾನು, ಅಷ್ಟೇ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕತ್ತೆ ಈಗಲೂ ಅಲ್ಲೇ ಇದೆ, ಅವಳೂ ಇದ್ದಾಳೆ. ಅಂದಿನಿಂದ ನಾನು ಗಿಳಿಯಾಗಲು ನಾಚುವುದಿಲ್ಲ.

ಒಂದೇ ಒಂದು ವಿಷಯದಲ್ಲಿ ಹಿರುತ್‌ಗೂ ಜೆಗೆಯೆ ಅಜ್ಜನಿಗೂ ಹೊಂದಲಿಲ್ಲ. ನಮ್ಮ ಹಿರಿಯರ ರೀತಿ ನಿನಗೆ ಗೊತ್ತು. ಒಂದು ಮನೆಯಲ್ಲಿ ಕೇಳಿದ ಹುಳಿಯನ್ನು ಇನ್ನೊಂದು ಮನೆಗೆ ಹಾಗೇ ಒಯ್ಯುವುದಿಲ್ಲ. ಅವನು ‘ಆ ನಾಯಿ ಸಾಯಲಿ’ ಎಂದಿದ್ದರೆ ಇವರು ಹೋಗಿ ‘ಅವನಿಗೆ ನಿನ್ನದೇ ಚಿಂತೆ’ ಎನ್ನುತ್ತಾರೆ. ಹೀಗೆ ಎಷ್ಟೋ ಮನೆ ಉಳಿದಿವೆ, ಇಲ್ಲ ಎನ್ನಲಾರೆ. ಹಿರುತ್ ಮಾತ್ರ ಬೇಡ ಎಂದಳು. ಮಾತನ್ನು ಮೆತ್ತಗೆ ಒಯ್ಯಿರಿ, ಆದರೆ ಇಲ್ಲದ ಮಾತನ್ನು ಒಯ್ಯಬೇಡಿ ಎಂದಳು. ಅಜ್ಜ, ‘ಅದು ಸುಳ್ಳಲ್ಲ ಮಗಳೇ, ಜೇನು. ಕಹಿ ಔಷಧಿಗೆ ಸವರೋದು’ ಎಂದರು. ‘ಔಷಧೀನೇ ಇಲ್ದೆ ಬರೀ ಜೇನು ಕೊಟ್ರೆ, ಅಜ್ಜ?’ ಎಂದಳು. ಅಜ್ಜ ನಕ್ಕರು. ನಾವೂ ನಕ್ಕೆವು.

ನಿನ್ನ ವಿಷಯದಲ್ಲಿ ನಾನು ಮಧ್ಯಸ್ಥಳಾಗಿ ಕೂರುವಂತಿಲ್ಲ, ಒಡಹುಟ್ಟಿದವಳು. ಮಳೆ ಹಿಂದೆ ಸರಿದು ಶಿಲುಬೆಯ ಹಬ್ಬ ಮುಗಿದ ಮೇಲೆ ಅಬ್ಬಾ ಮಿತಿಕು, ಜೆಗೆಯೆ ಅಜ್ಜ ಮತ್ತಿಬ್ಬರು ಹಿರಿಯರು ಅಂದಾರ್ಗೆಯ ತಾಯಿ ತಾಂಗುತ್ ಅವ್ವನ ಬಾಗಿಲಿಗೆ ಹೋದರು. ಬೆಳಗಿನ ಮಂಜಿನಲ್ಲಿ ಹೋಗಿ ಅಂಗಳದಲ್ಲಿ ನಿಂತರು. ಮನೆಯವರು ಕೂರಿ ಎನ್ನುವ ತನಕ ಹಿರಿಯರು ಕೂರುವಂತಿಲ್ಲ, ಕೂರಿ ಎಂದರೆ ಮಾತು ಕೇಳುತ್ತೇನೆ ಎಂದ ಹಾಗೆ. ಅವಳು ಹೊರಗೆ ಬಂದು ನೋಡಿ, ಒಳಗೆ ಹೋಗಿ ಕಾಳು ಬೀಸಲು ಕುಳಿತಳಂತೆ. ಬಿಸಿಲು ನೆತ್ತಿಗೆ ಬಂದ ಮೇಲೆ ಇವರು ಮರಳಿದರು. ಎರಡನೆಯ ಸಲವೂ ಅಷ್ಟೇ, ಆದರೆ ಆ ಸಲ ಒಂದು ಚೊಂಬು ನೀರು ಹೊರಗಿಟ್ಟಳು. ಅಬ್ಬಾ ಅದನ್ನೇ ದೊಡ್ಡ ಶಕುನ ಎಂದರು. ಮೂರನೆಯ ಸಲ ನಾಲ್ಕು ಮಣೆ ಬಂದವು. ಮುಲಾತ್ ಬಾಗಿಲ ಚೌಕಟ್ಟಿಗೆ ಒರಗಿ ಹಲ್ಲುಜ್ಜುವ ಕಡ್ಡಿ ಕೆತ್ತುತ್ತ ನಿಂತಿದ್ದ. ತಾಂಗುತ್ ಅವ್ವ ಕೇಳಿದಳು, ತಪ್ಪೊಪ್ಪಿಕೊಳ್ಳುವವರ ಪದ್ಧತಿಯಂತೆ ಅವನು ಕಲ್ಲು ಹೊತ್ತು ಬರುತ್ತಾನೆಯೇ? ಬರುತ್ತಾನೆ ಎಂದರು. ಕತ್ತಿನ ಮೇಲೆ ಕಲ್ಲು ಹೊತ್ತು, ಬರಿಗಾಲಲ್ಲಿ, ಊರ ಮುಂದೆ ನಡೆದು ಬಂದು ನನ್ನ ಕಾಲ ಬಳಿ ನೆಲಕ್ಕೆ ಹಣೆ ಹಚ್ಚಬೇಕು ಎಂದಳು. ಹಚ್ಚುತ್ತಾನೆ ಎಂದರು. ಬರುವ ತಹ್ಸಾಸ್ ತಿಂಗಳ ಗಬ್ರಿಯೇಲನ ಹಬ್ಬದ ದಿನ ಆಗಲಿ ಎಂದಳು. ಅಷ್ಟು ಹತ್ತಿರ ಬಂದಿತ್ತು ತಮ್ಮಾ.

ಆಗ ಜೆಗೆಯೆ ಅಜ್ಜನ ಬಾಯಿ ಸುಮ್ಮನಿರಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ, ಅವಳ ಎದೆ ಇನ್ನಷ್ಟು ತಣ್ಣಗಾಗಲಿ ಎಂದು, ‘ನಿನ್ನ ಮಗ ಒಳ್ಳೇ ಸಾವು ಸತ್ತ ಕಣವ್ವಾ. ತಾಯಿ ಮರಿಯಮ್ಮನ ಹೆಸರು ಹೇಳ್ತಾ ಕಣ್ಣು ಮುಚ್ಚಿದನಂತೆ, ಯಿಹುನೆನೇ ಹೇಳಿದ್ದು’ ಎಂದುಬಿಟ್ಟರು. ನೀನು ಹಾಗೆ ಯಾರಿಗೂ ಹೇಳಿಲ್ಲ. ಅಬ್ಬಾ ಮಿತಿಕು ಅವರೇ ಆ ಮಾತು ಅಲ್ಲೇ ಮೊದಲು ಕೇಳಿದ್ದಂತೆ. ತಾಂಗುತ್ ಅವ್ವ ಮೆಲ್ಲಗೆ ಎದ್ದಳು. ಅಜ್ಜ ಕುಳಿತಿದ್ದ ಮಣೆಯ ಅಂಚು ಹಿಡಿದು, ಏಳಿ ಎಂದಳು. ಅವಳು ಅಂದಾರ್ಗೆಯನ್ನು ಹೆತ್ತದ್ದು ಗಬ್ರಿಯೇಲನ ಹಬ್ಬದ ದಿನ, ಹಳ್ಳದಾಚೆಯ ಗುಡಿಯ ದಾರಿಯಲ್ಲಿ. ಅಲ್ಲೇ ಅವನನ್ನು ಗಬ್ರಿಯೇಲನಿಗೆ ಒಪ್ಪಿಸಿದ್ದಳು. ‘ಕಾಲಿಗೆ ಮುಳ್ಳು ಚುಚ್ಚಿದ್ರೂ ಗಬ್ರಿಯೇಲಾ ಅಂತಿದ್ದ ನನ್ನ ಮಗ. ಹಾಲು ಉಕ್ಕಿದ್ರೂ ಗಬ್ರಿಯೇಲಾ. ಸಾಯೋ ಹೊತ್ತಿಗೆ ಬೇರೆಯವರನ್ನ ಕರೆದ ಅಂತೀರಾ? ಇಷ್ಟು ದಿನ ನೀವು ತಂದ ಮಾತೆಲ್ಲಾ ಇದೇ ಥರದ್ದಾ?’ ಎಂದು ಮಣೆಗಳನ್ನು ಒಂದೊಂದಾಗಿ ಒಳಗೆ ಒಯ್ದಳು. ಮುಲಾತ್ ಆಗ ಮೊದಲ ಸಲ ಬಾಯಿ ತೆರೆದ. ‘ಅವ್ವಾ, ಮುಗೀತಲ್ಲ. ಇನ್ನು ನಂಗೆ ಬಿಡು’ ಎಂದ.

ಅಂದಿನಿಂದ ಊರು ಉಸಿರು ಬಿಗಿಹಿಡಿದಿದೆ. ಜೆಗೆಯೆ ಅಜ್ಜ ಮಂಚ ಹಿಡಿದಿದ್ದಾರೆ. ಕಾಯಿಲೆ ಏನೂ ಇಲ್ಲ, ನಾಚಿಕೆ. ನೋಡಲು ಹೋದರೆ ಗೋಡೆಗೆ ತಿರುಗಿಕೊಂಡು, ‘ಹುಡುಗಿ ಹೇಳಿದ್ಲು, ಔಷಧಿ ಇಲ್ದೆ ಬರೀ ಜೇನು’ ಎನ್ನುತ್ತಾರೆ. ಮಿಕ್ಕ ಹಿರಿಯರು ಇನ್ನು ಆ ಅಂಗಳ ತುಳಿಯಲು ನಮಗೆ ಮುಖವಿಲ್ಲ ಎಂದು ಕೈ ಚೆಲ್ಲಿದರು. ಮುಲಾತ್ ಗುಡಿಯ ಪೌಳಿಯ ಬಳಿ ನಾಲ್ಕು ಜನರ ಮುಂದೆ, ಯಿಹುನೆ ಬರಲಿ, ದಾರಿ ಅಗಲವಾಗಿದೆ ಎಂದನಂತೆ. ನಾನು ಮೂರು ಹೊತ್ತು ಪ್ರಾರ್ಥನೆಯಲ್ಲಿ ಹಣೆ ನೆಲಕ್ಕೆ ಹಚ್ಚಿ ಕೇಳಿದೆ, ತಾಯಿ, ನಾನು ಕಲಿತದ್ದು ಬೇರೆಯವರ ಕತ್ತೆಗಳಿಗೆ ಮಾತ್ರವೇ ಎಂದು. ಮರುದಿನ ಎದ್ದವಳು, ಕ್ಯಾನು ಹೊತ್ತುಕೊಂಡು ಬೆಳಗಿನ ಹೊತ್ತಿಗೆ ಒರತೆಗೆ ಹೋದೆ. ಅವರ ಹೊತ್ತಿಗೆ. ಭಾವ ಬಾಗಿಲಲ್ಲಿ ಅಡ್ಡ ನಿಂತು, ನಿನ್ನನ್ನೂ ಹೂಳಬೇಕಾ ನಾನು ಎಂದರು. ನೀರು ತರುತ್ತೇನೆ ಅಷ್ಟೇ ಎಂದೆ.

ಒರತೆಯ ಪಕ್ಕದ ತಗ್ಗಿನಲ್ಲಿ, ನೀರು ಹಿಡಿಯುವ ಕಲ್ಲಿಗಿಂತ ಕೆಳಗೆ, ಓರೆಯಾಗಿ ಕುಳಿತೆ. ತಾಂಗುತ್ ಅವ್ವ ಬಂದಳು. ಇನ್ನೂ ಹೊದಿಕೆಯ ಬಣ್ಣದ ಅಂಚು ಮುಖದ ಸುತ್ತಲೇ ಇದೆ, ಹೆಣ ಎತ್ತಿದ ದಿನ ಹೇಗೆ ಹೊದ್ದಳೋ ಹಾಗೆ. ಕ್ಯಾನು ತುಂಬಿಸಿ ಹೊರಟುಹೋದಳು. ಮರುದಿನ ನೀರು ಹಿಡಿಯುತ್ತ ನನ್ನ ಕಡೆ ನೋಡದೆಯೇ, ‘ಏನೇ, ನಿಮ್ಮ ಹೊತ್ತಿಗೆ ನೀರು ಬರೋದು ನಿಂತ್ಹೋಯ್ತಾ?’ ಎಂದಳು. ಇಲ್ಲಮ್ಮಾ ಎಂದೆ. ‘ಮತ್ತೆ ಕಲ್ಲಿನ ಥರ ಯಾಕೆ ಕೂತಿದೀಯ? ನಿನ್ನ ತಮ್ಮ ಹೊರಬೇಕಾದ ಕಲ್ಲು ನೀನೇನಾ?’ ಎಂದಳು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ಎಷ್ಟು ಕಷ್ಟವೆಂದು ಆ ಹಿರುತ್ ಚಾವಡಿಯಲ್ಲಿ ಹೇಳಿದ್ದಳು, ಆದರೆ ಒಲೆಯ ಬಿಸಿ ಗೊತ್ತಾಗುವುದು ಮುಟ್ಟಿದವರಿಗೇ.

ಹೀಗೇ ಹೋದೆ, ಕುಳಿತೆ, ಬಂದೆ. ಕಳೆದ ಶುಕ್ರವಾರ ಅವಳು ಕ್ಯಾನನ್ನು ನೀರಿಗೆ ಹಿಡಿದವಳು ಅಲ್ಲೇ ನಿಂತು ಶುರು ಮಾಡಿದಳು. ‘ನಿನ್ನ ತಮ್ಮ ನನ್ನ ಮಗನ್ನ ನಾಯಿ ಹೊಡೆದ ಹಾಗೆ ಹೊಡೆದ.’ ನನ್ನ ನಾಲಿಗೆಯ ತುದಿಗೆ ಏನು ಬಂತೆಂದು ನಿನಗೆ ಗೊತ್ತು. ಮೊದಲು ಗುದ್ದಲಿ ಎತ್ತಿದವನು ಅಂದಾರ್ಗೆ. ನ್ಯಾಯಾಲಯವೇ ಅದನ್ನು ಒಪ್ಪಿತ್ತು. ಉಗುರನ್ನು ಅಂಗೈಗೆ ಒತ್ತಿ ಹಿಡಿದು, ‘ನಾಯಿ ಹೊಡೆದ ಹಾಗೆ’ ಎಂದೆ. ಅವಳು ತಿರುಗಿ ನೋಡಿದಳು. ‘ಏನು, ಅಣಕ ಮಾಡ್ತೀಯಾ?’ ‘ಇಲ್ಲಮ್ಮಾ. ಕೇಳಿಸ್ಕೊಂಡೆ.’ ‘ನಿನ್ನ ತಮ್ಮನ್ನ ವಹಿಸ್ಕೊಳ್ಳಲ್ವಾ?’ ‘ಇವತ್ತು ನಿಮ್ಮ ಮಗನ ವಿಷಯ ಹೇಳಿ.’ ಅಷ್ಟು ಹೊತ್ತು ನಿಂತಿದ್ದವಳು ಕುಳಿತಳು. ಕ್ಯಾನು ತುಂಬಿ ಉಕ್ಕಿ ಹರಿದರೂ ಯಾರೂ ಎತ್ತಲಿಲ್ಲ. ಅಂದಾರ್ಗೆ ಚಿಕ್ಕವನಿದ್ದಾಗ ಮಾತಿನ ಮಲ್ಲನಂತೆ, ಮಲಗಿದರೂ ಬಾಯಿ ನಿಲ್ಲದಂತೆ. ದನ ಕಾಯಲು ಹೋದರೆ ಕಲ್ಲುಗಳನ್ನು ಸಾಲಾಗಿ ಕೂರಿಸಿ ಅವುಗಳ ಜೊತೆ ಮಾತಾಡುತ್ತಿದ್ದನಂತೆ. ನಿನಗೆ ಈಜು ಕಲಿಸಿದ್ದು ಅವನೇ ಅಂತೆ, ಹಳ್ಳದ ಮಡುವಿನಲ್ಲಿ. ನನಗೆ ಅದು ಗೊತ್ತೇ ಇರಲಿಲ್ಲ. ನೀನು ಹೇಳಲೇ ಇಲ್ಲವಲ್ಲ. ನಾನು ಗಿಳಿಯಂತೆ ಅಲ್ಲೊಂದು ಇಲ್ಲೊಂದು ಮಾತು ಮರಳಿ ಹೇಳಿದೆ, ಹೆಚ್ಚೇನಿಲ್ಲ. ನಡುವೆ ಇಬ್ಬರೂ ಅತ್ತೆವು. ಅಳಬೇಡ ಎಂದು ಯಾರೂ ಯಾರಿಗೂ ಹೇಳಲಿಲ್ಲ.

ಎದ್ದು ಹೋಗುವ ಮೊದಲು ಅವಳು ನನ್ನನ್ನು ಒಂದು ಮಾತು ಕೇಳಿದಳು. ಅದನ್ನು ಇಲ್ಲಿ ಬರೆಯಬೇಕೆಂದೇ ಕಾಗದ ಹಿಡಿದೆ. ಇಷ್ಟು ದೂರ ಬಂದ ಮೇಲೂ ಕೈ ಏಳುತ್ತಿಲ್ಲ. ಗಂಟೆ ಆಗುತ್ತಿದೆ, ಗುಡಿಗೆ ಹೋಗಿ ಬರುತ್ತೇನೆ.

ಬಂದೆ. ಅಬ್ಬಾ ಮಿತಿಕು ನಿನ್ನ ಹೆಸರು ಹೇಳಿ ಶಿಲುಬೆ ಮುಟ್ಟಿಸಿ ಹರಸಿದ್ದಾರೆ. ಭಾವ ನಿನ್ನ ಎತ್ತನ್ನು ಮಾರುವುದಿಲ್ಲ ಎಂದು ಬರೆ ಎಂದರು. ಜೆಗೆಯೆ ಅಜ್ಜ ಹೇಳಿಕಳಿಸಿದ್ದು, ತನ್ನನ್ನು ಕ್ಷಮಿಸಬೇಕಂತೆ, ಹಿರಿಯರ ಬಾಯಿಂದ ಆ ಮಾತು ಕೇಳಲು ನನಗೇ ಹಿಂಸೆಯಾಯಿತು. ಮರಿಯಮ್ಮನ ಸೆರಗು ನಿನ್ನ ತಲೆಯ ಮೇಲಿರಲಿ. ಬಿಸಿಲು ನಿನಗೆ ನೆರಳಾಗಲಿ, ಜ್ವರ ನಿನ್ನ ಗುಡಿಸಿಲು ಬಳಸಿ ಹೋಗಲಿ. ಬುಧವಾರ ಶುಕ್ರವಾರ ಮರೆಯಬೇಡ, ಆದರೆ ಮೈಯಲ್ಲಿ ಜ್ವರವಿದ್ದರೆ ಉಣ್ಣು, ದೇವರು ಸಾಲ ವಸೂಲಿಗೆ ನಿಂತ ಸಾಹುಕಾರನಲ್ಲ.

ನಿನ್ನನ್ನು ಹೊತ್ತು ತಿರುಗಿದ ಅಕ್ಕ,
ಯೆಶಾರೆಗ್

ಮರೆತದ್ದು: ಮರೆತದ್ದಲ್ಲ, ಮುಂದೆ ಹಾಕಿದ್ದು. ನಿಮ್ಮ ಎಳ್ಳಿನ ಸೀಮೆಗೆ ಲಾರಿ ಓಡಿಸುವ ಸಾಹ್ಲು ಕಣದ ಬದಿಗೆ ಬಂದು ನಿಂತಿದ್ದಾನೆ, ಅವಸರ ಮಾಡುತ್ತಿದ್ದಾನೆ, ಹಾಗಾಗಿ ನೇರವಾಗಿ ಬರೆಯುತ್ತೇನೆ. ತಾಂಗುತ್ ಅವ್ವ ಕೇಳಿದ್ದು ಇದು. ‘ಕೋರ್ಟಿನಲ್ಲಿ ಕೋಲು ಎಷ್ಟುದ್ದ ಅಂತ ಕೇಳಿದ್ರು. ಯಾವ ಕೈ ಅಂತ ಕೇಳಿದ್ರು. ಹೊಲದಿಂದ ಹಳ್ಳದ ತನಕ ನನ್ನ ಮಗ ಅವನ ಬೆನ್ನ ಮೇಲೆ ಜೀವಂತ ಇದ್ದ. ಬಾಯಿ ಮುಚ್ಕೊಂಡಿರೋ ಮಗ ಅಲ್ಲ ಅವನು. ಏನು ಹೇಳ್ದ ಅಂತ ಯಾರೂ ಕೇಳಲಿಲ್ಲ. ಅದು ಗೊತ್ತಿರೋನು ಲೋಕದಲ್ಲಿ ಒಬ್ಬನೇ.’ ಅವನು ಬೈದಿದ್ದರೆ ಎಂದೆ ನಾನು. ‘ಬೈದಿದ್ರೂ ಅದು ನಂದು. ನಂಗೆ ಕೊಟ್ಬಿಡಿ’ ಎಂದಳು. ಕಲ್ಲು, ಹಬ್ಬ, ಹಿರಿಯರು, ಎಲ್ಲ ಆಮೇಲೆ. ಆ ಮಾತು ಕೈಗೆ ಬಂದ ದಿನ ಹಿರಿಯರಿಗೆ ಮಣೆ ಹಾಕುತ್ತೇನೆ ಎಂದಿದ್ದಾಳೆ. ಮುಲಾತನ ಪರವಾಗಿ ಅವಳು ಮಾತು ಕೊಡಲಿಲ್ಲ.

ಜೈಲಿನಲ್ಲಿ ಒಮ್ಮೆ ನಾನು ಇದನ್ನೇ ಕೇಳಿದಾಗ ನೀನು ಮುಖ ತಿರುಗಿಸಿದ್ದೆ. ಆದ್ದರಿಂದ ಅದು ಸುಲಭದ ಮಾತಲ್ಲ ಎಂದು ನನಗೆ ತಿಳಿದಿದೆ. ಅವನು ಶಾಪ ಹಾಕಿದನೋ, ಸೇಡು ತೀರಿಸಿಕೊಳ್ಳಲು ತಮ್ಮನಿಗೆ ಹೇಳು ಎಂದನೋ, ನೀರು ಕೇಳಿದಾಗ ನೀನು ನಿಲ್ಲಲಿಲ್ಲವೋ, ನನಗೆ ಗೊತ್ತಿಲ್ಲ. ಆ ಮಾತು ಬಂದು ಎಲ್ಲವೂ ಕೆಡಬಹುದು. ನೀನು ಎಂದೂ ಊರಿಗೆ ಬರಲಾಗದೆ ಹೋಗಬಹುದು. ಶುಕ್ರವಾರದಿಂದ ಅದನ್ನೇ ನೆನೆದು ನಿದ್ದೆಗೆಟ್ಟಿದ್ದೇನೆ. ಆದರೂ ಬರೆ. ಹೇಗಿತ್ತೋ ಹಾಗೆ. ಅವನು ಗಬ್ರಿಯೇಲನನ್ನು ಕರೆಯದಿದ್ದರೆ ಕರೆದ ಎಂದು ಬರೆಯಬೇಡ. ಒಂದು ಹನಿ ಜೇನೂ ಬೇಡ. ಕಾಗದವನ್ನು ಅಂಟಿಸಿ ಅವಳ ಹೆಸರಿಗೆ ಕಳಿಸು, ನನ್ನ ಹೆಸರಿಗಲ್ಲ. ನಾನು ಮೊದಲು ಓದಿದರೆ ನನ್ನ ಕೈಯೂ ಸವರಲು ಹೋದೀತು.

ಗಬ್ರಿಯೇಲನ ಹಬ್ಬದ ಮೊದಲು ಸಾಹ್ಲು ಎಳ್ಳು ಹೇರಿಕೊಂಡು ಮರಳುತ್ತಾನೆ, ಅವನ ಕೈಗೆ ಕೊಡು. ಲಾರಿ ನಿಲ್ಲುವ ಕೂಡುದಾರಿಯಲ್ಲಿ ಉತ್ತರ ಇಸಿದುಕೊಂಡು ಬರಲು ಮುಲಾತನನ್ನೇ ಕಳಿಸಮ್ಮಾ ಎಂದು ತಾಂಗುತ್ ಅವ್ವನನ್ನು ಕೇಳಿಕೊಂಡಿದ್ದೇನೆ. ಅವಳು, ಕಾಗದ ತರೋಕೆ ಕೋವಿ ಬೇಕಿಲ್ಲ, ಮನೇಲಿ ಬಿಟ್ಟು ಹೋಗು ಅಂತೀನಿ ಎಂದಳು. ಅವಳಿಗೆ ಓದಲು ಬರುವುದಿಲ್ಲ. ಓದಿ ಹೇಳುವವನೂ ಅವನೇ. ತಮ್ಮಾ, ಅವನು ಆ ದಾರಿಯಿಂದ ಬರಿಗೈಯಲ್ಲಿ ಮರಳದ ಹಾಗೆ ನೋಡಿಕೊ.